ಚಿಕಾಗೋ ತಪ್ಪಿಸಿದ ಸಂಬಂಧ

ಅವರೆಕಾಯಿ ಸುಲಿಯಲು ಕೂತರೆ ಬೇರೆ ಹೆಂಗಸರ ಬಾಯಲ್ಲಿ ಊರ ಸುದ್ದಿ ಬರುತ್ತದೆ. ನನ್ನ ಬಾಯಲ್ಲಿ ಅಮೆರಿಕದ ಊರುಗಳು ಬರುತ್ತವೆ. ಒಂದು ಕಾಯಿ ಸಿಗಿದರೆ ಪಿಟ್ಸ್‌ಬರ್ಗು, ಇನ್ನೊಂದು ಸಿಗಿದರೆ ಡೆಟ್ರಾಯಿಟು, ಹುಳುಕು ಕಾಯಿ ಸಿಕ್ಕಿದರೆ ಫಿಲಡೆಲ್ಫಿಯಾ. ಫಿಲಡೆಲ್ಫಿಯಾದ ಮೇಲೆ ನನಗೇನೂ ಹಗೆಯಿಲ್ಲ. ಹೆಸರು ಉದ್ದವಾದ್ದರಿಂದ ಹುಳು ತೆಗೆದು ಹಾಕುವಷ್ಟು ಹೊತ್ತು ಸಿಗುತ್ತದೆ, ಅಷ್ಟೆ.

ಪಕ್ಕದ ಮನೆಗೆ ಹೊಸದಾಗಿ ಬಂದ ಸೊಸೆ ಮೊನ್ನೆ ಇದನ್ನು ಕೇಳಿಸಿಕೊಂಡು, "ಅಜ್ಜಿ, ನೀವು ಅಮೆರಿಕಾಕ್ಕೆ ಯಾವಾಗ ಓಗಿದ್ರಿ?" ಎಂದಳು. ಯಾವಾಗ ಎಂದು ಹೇಳಲಿ? ನಾನು ಬೆಂಗಳೂರನ್ನು ಕಂಡದ್ದೇ ಕನ್ನಡಕ ಹಾಕಿಸಲು ಹೋದಾಗ. ಅದೂ ಹೋಗುವಾಗ ಕಣ್ಣು ಕಾಣುತ್ತಿರಲಿಲ್ಲ, ಬರುವಾಗ ಬಸ್ಸಿನಲ್ಲಿ ನಿದ್ದೆ ಬಂದಿತ್ತು. ಆದರೂ ಅಮೆರಿಕದ ಊರುಗಳು ನನಗೆ ತವರಿನ ಕೇರಿಗಳಷ್ಟೇ ಪರಿಚಯ. ಅವುಗಳಿಂದಾಗಿ ನನಗೆ ನಿಶ್ಚಯವಾಗುವುದರಲ್ಲಿದ್ದ ಮದುವೆಯೊಂದು ಮುರಿದು ಬಿತ್ತು ಎಂದರೆ ನೀವು ನಂಬಬೇಕು. ಆ ಕಾಲದಲ್ಲಿ ಹೆಣ್ಣಿನ ಮದುವೆ ಮೂಗಿನ ಉದ್ದಕ್ಕೆ ಮುರಿಯುತ್ತಿತ್ತು, ಜಾತಕಕ್ಕೆ ಮುರಿಯುತ್ತಿತ್ತು, ಗಂಡಿನ ಸೋದರತ್ತೆಗೆ ಕೊಟ್ಟ ಸೀರೆಯ ಅಂಚಿಗೆ ಮುರಿಯುತ್ತಿತ್ತು. ಚಿಕಾಗೋ ಪಟ್ಟಣದಿಂದ ಮುರಿದದ್ದು ಇಡೀ ಹಾಸನ ಜಿಲ್ಲೆಯಲ್ಲಿ ನನ್ನದೊಂದೇ ಇರಬೇಕು.

ಮೂಲದಲ್ಲಿ ತಪ್ಪು ಗೆದ್ದಲಿನದು. ನಾನು ಓದಿದ್ದು ಚನ್ನರಾಯಪಟ್ಟಣದ ಒಂದು ಮಿಡ್ಲ್ ಸ್ಕೂಲಿನಲ್ಲಿ, ದೊಡ್ಡ ಯುದ್ಧ ಶುರುವಾಗುವುದಕ್ಕೆ ತುಸು ಮುಂಚೆ. ಗೋಡೆಗೆ ನೇತುಹಾಕುವ ಭೂಪಟಗಳು ಅಲ್ಲಿ ಒಂದು ಕಟ್ಟು ಇದ್ದವಂತೆ. ನಾವು ಹೋಗುವ ಹೊತ್ತಿಗೆ ಗೆದ್ದಲು ಏಷ್ಯಾ ಖಂಡವನ್ನು ಪೂರ್ತಿ ಮುಗಿಸಿ, ಆಫ್ರಿಕಾದ ಕಡೆ ತಿರುಗಿ, ಯುರೋಪಿನಲ್ಲಿ ಇಂಗ್ಲೆಂಡನ್ನು ಮಾತ್ರ ಭಯಭಕ್ತಿಯಿಂದ ಬಿಟ್ಟು ಮಿಕ್ಕದ್ದನ್ನು ತಿಂದಿತ್ತು. ಮೈಸೂರು ಸಂಸ್ಥಾನದ ಪಟದಲ್ಲಿ ಹಾಸನ ಜಿಲ್ಲೆ ಇರಬೇಕಾದ ಕಡೆ ಒಂದು ತೂತು. ಸುಬ್ರಾಯ ಮೇಷ್ಟ್ರು ಆ ತೂತಿನೊಳಗೆ ಬೆರಳು ತೂರಿಸಿ, "ನಾವಿರೋದು ಇಲ್ಲಿ" ಎನ್ನುತ್ತಿದ್ದರು. ನಾವು ನಂಬುತ್ತಿದ್ದೆವು. ಗೆದ್ದಲು ಬಾಯಿ ಹಾಕದೆ ಬಿಟ್ಟ ಖಂಡ ಉತ್ತರ ಅಮೆರಿಕ ಒಂದೇ. ಹೀಗಾಗಿ ನಮ್ಮ ಭೂಗೋಳವೆಂದರೆ ಅಮೆರಿಕ, ಅಮೆರಿಕವೆಂದರೆ ಅದರ ಊರುಗಳು, ಊರುಗಳೆಂದರೆ ಅಲ್ಲಿ ಏನು ತಯಾರಾಗುತ್ತದೆ ಎಂಬ ಪಟ್ಟಿ.

ಮೇಷ್ಟ್ರು ಅದನ್ನು ಮಗ್ಗಿಯ ಹಾಗೆ ಹೇಳಿಸುತ್ತಿದ್ದರು. ಪಿಟ್ಸ್‌ಬರ್ಗು ಉಕ್ಕು, ಡೆಟ್ರಾಯಿಟು ಮೋಟಾರು, ಮಿನಿಯಾಪೊಲಿಸ್ಸು ಗೋಧಿಹಿಟ್ಟು, ನ್ಯೂ ಆರ್ಲಿಯನ್ಸು ಹತ್ತಿ. ಚಿಕಾಗೋ ಬಂದಾಗ ಮಾತ್ರ ಕಣ್ಣು ಮುಚ್ಚಿ, ಜನಿವಾರ ಮುಟ್ಟಿಕೊಂಡು, "ಹಂದಿಮಾಂಸ" ಎಂದು ಬೇಗ ಹೇಳಿ ಮುಂದಿನ ಊರಿಗೆ ಓಡುತ್ತಿದ್ದರು. ಅವರು ಪಿಸುಗುಟ್ಟಿದ್ದನ್ನು ನಾವು ಮಕ್ಕಳು ಸೂರು ಹಾರುವಂತೆ ಕೂಗುತ್ತಿದ್ದೆವು. ನಮ್ಮದೋ ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆ. ಮೊಟ್ಟೆ ಎಂಬ ಮಾತನ್ನೂ ಅಂಗಳದಲ್ಲಿ ಆಡಬಾರದು. ಅಂಥ ಮನೆಯ ಹುಡುಗಿ ದಿನಾ ಸ್ಕೂಲಿನಲ್ಲಿ ಹಂದಿಮಾಂಸವೆಂದು ಕೂಗಿ ಬಂದು, ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ಊಟಕ್ಕೆ ಕೂರುತ್ತಿದ್ದೆ. ಪಾಠ ಬೇರೆ, ಊಟ ಬೇರೆ ಎಂಬುದು ನನಗೆ ಆಗಲೇ ತಿಳಿದಿತ್ತು. ದೊಡ್ಡವರಿಗೆ ತಿಳಿದಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಮಿಸಿಸಿಪ್ಪಿ ಎಲ್ಲಿ ಹುಟ್ಟುತ್ತದೆಂದು ಬಲ್ಲ ನಮಗೆ ಹೇಮಾವತಿ ಎಲ್ಲಿ ಹುಟ್ಟುತ್ತದೆಂದು ಗೊತ್ತಿರಲಿಲ್ಲ. ಹೊಳೆ ಎಂದರೆ ಹೊಳೆ, ಅದು ಮೊದಲಿನಿಂದಲೂ ಇದೆ. ಶ್ರವಣಬೆಳಗೊಳ ಗಾಡಿ ಕಟ್ಟಿದರೆ ಹೋಗಿ ಬರುವಷ್ಟು ಹತ್ತಿರ. ಎಲ್ಲೆಲ್ಲಿಂದಲೋ ಯಾತ್ರಿಕರು ಬಂದು ಬೆಟ್ಟ ಹತ್ತಿ ಇಳಿದು ಹೋಗುತ್ತಿದ್ದರೇ ಹೊರತು ನಮ್ಮ ಕ್ಲಾಸಿನಲ್ಲಿ ಹತ್ತಿದವರು ಯಾರೂ ಇರಲಿಲ್ಲ. ಹಿತ್ತಲ ಗಿಡ ಮದ್ದಲ್ಲ. ಹಾಸನದಿಂದ ಬಂದ ಇನ್‌ಸ್ಪೆಕ್ಟರ್ ಸಾಹೇಬರು ನಮ್ಮ ಅಮೆರಿಕವನ್ನು ಕೇಳಿ ತಲೆದೂಗಿ, "ಈ ಮಕ್ಕಳಿಗೆ ಲೋಕಜ್ಞಾನ ಇದೆ" ಎಂದರು. ಹೊರಟಾಗ, ಪಕ್ಕದ ಬಾಗೂರಿಗೆ ಯಾವ ಕಡೆ ಹೋಗಬೇಕು ಎಂದು ಅವರು ಕೇಳಿದ್ದಕ್ಕೆ ಇಡೀ ಕ್ಲಾಸು ಬಾಯಿ ಬಿಟ್ಟುಕೊಂಡು ನಿಂತಿತ್ತು.

ನಾವು ಮಾತ್ರ ಹೀಗೆ ಎಂದುಕೊಳ್ಳಬೇಡಿ. ಆಗ ಜಿಲ್ಲೆಗೆ ಜಿಲ್ಲೆಯೇ ಅಮೆರಿಕದ ಊರುಗಳನ್ನು ಬಲ್ಲವರಿಂದ ತುಂಬಿತ್ತು. ಹಾಸನಕ್ಕೆ ಟೆಂಟ್ ಸಿನಿಮಾ ಬಂದಾಗ ನೆಲದ ಮೇಲೆ ಕೂತು ನೋಡಿದವರು ವಾರಗಟ್ಟಲೆ ನ್ಯೂಯಾರ್ಕಿನ ಮಾತಾಡುತ್ತಿದ್ದರು. ನಮ್ಮ ಬೀದಿಯ ದರ್ಜಿಗೆ ಅವನ ಮಿಷನ್ನು ಯಾವ ಊರಿನದೆಂದು ಗೊತ್ತಿತ್ತು. ಹೊಲಿಯಲು ಕೊಟ್ಟ ರವಿಕೆಯನ್ನು ಯಾವ ದಿನ ವಾಪಸು ಕೊಡುತ್ತಾನೆಂಬುದು ಮಾತ್ರ ಗೊತ್ತಿರುತ್ತಿರಲಿಲ್ಲ. ಇವರೆಲ್ಲರ ಮೇಲೆ ಒಬ್ಬರು ಗುರುಗಳಿದ್ದರು, ಹಾಸನದ ನಂಜಪ್ಪನವರು. ಮೋಟಾರು ಬಿಡಿಭಾಗಗಳ ಅಂಗಡಿ ಅವರದು. ಮಾಲು ಬರುತ್ತಿದ್ದ ಮರದ ಪೆಟ್ಟಿಗೆಗಳ ಮೇಲಿನ ಅಚ್ಚನ್ನು ಓದಿ ಓದಿಯೇ ಅವರು ಅಮೆರಿಕದ ಪಂಡಿತರಾದದ್ದು. ಅವರು ಪೂರ್ವಕ್ಕೆ ಬೆಂಗಳೂರು, ಪಶ್ಚಿಮಕ್ಕೆ ಸಕಲೇಶಪುರ ದಾಟಿದವರಲ್ಲ. ಆದರೆ ಅಂಗಡಿಯ ಮುಂದೆ ಪೆಟ್ಟಿಗೆಯ ಮೇಲೆ ಕೂತು, "ನಮ್ಮ ಡೆಟ್ರಾಯಿಟ್‌ನಲ್ಲಿ ಈ ಥರ ಧೂಳಿಲ್ಲಪ್ಪ" ಎನ್ನುವಾಗ ಎದುರಿದ್ದವರು ತಮ್ಮ ಪಂಚೆಯ ಧೂಳು ಕೊಡವಿಕೊಳ್ಳುತ್ತಿದ್ದರು.

ಈಗ ಮದುವೆಯ ಮಾತಿಗೆ ಬರುತ್ತೇನೆ. ಮಿಡ್ಲ್ ಸ್ಕೂಲು ಮುಗಿಯುತ್ತಲೇ ನನಗೆ ಗಂಡು ಹುಡುಕತೊಡಗಿದರು. ನಮ್ಮಪ್ಪನಿಗೆ ಪೇಟೆಯಲ್ಲಿ ಕೊಬ್ಬರಿ ಮಂಡಿ. ಮಾತು ಕಡಿಮೆ, ಕೊಬ್ಬರಿಯನ್ನು ಕಿವಿಯ ಹತ್ತಿರ ಕುಲುಕಿ ಒಳಗಿನ ಗುಣ ಹೇಳುವ ಮನುಷ್ಯ. ಮನೆಯಲ್ಲಿ ಮಾತೆಲ್ಲ ಅಜ್ಜಿಯದು, ಅಂದರೆ ಅಪ್ಪನ ತಾಯಿಯದು. ಅವಳ ಮನಸ್ಸಿನಲ್ಲಿ ಅರಕಲಗೂಡಿನ ಒಂದು ಸಂಬಂಧ ಕೂತಿತ್ತು. ಗಂಡಿಗೆ ಆಲೂಗಡ್ಡೆ ವ್ಯಾಪಾರ, ತೊಟ್ಟಿಮನೆ, ಕೊಟ್ಟಿಗೆ ತುಂಬ ಎಮ್ಮೆ. ಹೆಂಡತಿ ತೀರಿಕೊಂಡಿದ್ದಳು. ಅವನ ದೊಡ್ಡ ಮಗಳು ನನಗಿಂತ ದೊಡ್ಡವಳು, ಆಗಲೇ ಒಂದು ಕೂಸಿನ ತಾಯಿ. ಅಂದರೆ ನಾನು ತಾಳಿ ಕಟ್ಟಿಸಿಕೊಂಡ ದಿನವೇ ಅಜ್ಜಿಯಾಗಬೇಕಿತ್ತು. ಅಷ್ಟರಲ್ಲಿ ದೇವರು ಕಣ್ಣು ಬಿಟ್ಟವನಂತೆ ಹೊಳೆನರಸೀಪುರದಿಂದ ಇನ್ನೊಂದು ಸಂಬಂಧ ಬಂತು. ಎಳೆಯ ಹುಡುಗ, ಜವಳಿ ಅಂಗಡಿ. ಅಜ್ಜಿ ನನ್ನನ್ನು ಕರೆದು ಖಡಾಖಂಡಿತವಾಗಿ ಹೇಳಿದಳು: "ನೋಡ್ ಗಿರಿಜ, ಹೊಳೆನರಸೀಪುರದೋರು ಒಪ್ಪುದ್ರೆ ಸರಿ. ಇಲ್ಲಾಂದ್ರೆ ಅರಕಲಗೂಡೇ ಗಟ್ಟಿ. ನಿನ್ ಬಾಯಿ ನೀನು ಬಿಗಿ ಇಡ್ಕಂಡಿರು." ನಾನು ಆ ಹುಡುಗನ ಮುಖವನ್ನೇ ನೋಡದೆ ಅವನಿಗಾಗಿ ಮನಸ್ಸಿನಲ್ಲಿ ಹರಕೆ ಹೊತ್ತೆ. ಅರಕಲಗೂಡಿನವರು ಕೋಪಿಸಿಕೊಳ್ಳಬಾರದು, ನನ್ನ ಭಯ ಊರಿನದಲ್ಲ, ಆ ಎಮ್ಮೆಗಳದು.

ಹುಡುಗಿಯ ಫೋಟೋ ಬೇಕೆಂದು ಹೊಳೆನರಸೀಪುರದಿಂದ ಕೇಳಿ ಕಳಿಸಿದರು. ಅಪ್ಪ ನನ್ನನ್ನು ಹಾಸನಕ್ಕೆ ಕರೆದುಕೊಂಡು ಹೋದರು. ಫೋಟೋದವನ ಹತ್ತಿರ ಹಿಂದೆ ಇಳಿಬಿಡುವ ಪರದೆ ಎರಡಿದ್ದವು. ಅರಮನೆ ಮತ್ತು ಹಂಸಗಳ ಪರದೆಯನ್ನು ಯಾರೋ ಸಾಹುಕಾರರ ಮದುವೆಗೆ ಒಯ್ದಿದ್ದರು. ಉಳಿದದ್ದು ನ್ಯೂಯಾರ್ಕು. ಅದನ್ನು ಬರೆದ ಕಲಾವಿದ ನ್ಯೂಯಾರ್ಕನ್ನು ಕಂಡವನಲ್ಲ. ಮುಗಿಲು ಮುಟ್ಟುವ ಕಟ್ಟಡಗಳನ್ನೇನೋ ಬರೆದಿದ್ದ. ತುದಿ ಬೋಳಾಗಿ ಕಂಡಿತೆಂದು ಒಂದೊಂದರ ಮೇಲೂ ಕಳಶ ಇಟ್ಟಿದ್ದ. ಬೀದಿಯಲ್ಲಿ ಒಂದು ಜಟಕಾ ನಿಂತಿತ್ತು. ನಾನು ಅಂಚಿನ ಸೀರೆಯುಟ್ಟು, ಜಡೆ ಮುಂದೆ ಹಾಕಿಕೊಂಡು, ನ್ಯೂಯಾರ್ಕಿನ ನಟ್ಟನಡುವೆ ಕುರ್ಚಿ ಹಿಡಿದು ನಿಂತೆ. ಆ ಫೋಟೋ ಹೊಳೆನರಸೀಪುರ ತಲುಪಿತು. ಅಲ್ಲಿಂದ ಹಾಸನಕ್ಕೆ ಬಂತು, ಯಾಕೆಂದರೆ ಹುಡುಗನ ಚಿಕ್ಕಪ್ಪ ಯಾರೆಂದುಕೊಂಡಿರಿ? ನಮ್ಮ ನಂಜಪ್ಪನವರೇ. ಅವರು ಫೋಟೋ ನೋಡಿ ತೊಡೆ ತಟ್ಟಿ, "ಈ ಹುಡುಗಿಯನ್ನ ಯಾರೂ ಏನೂ ಕೇಳಬೇಡಿ. ನಾನೇ ಪರೀಕ್ಷೆ ಮಾಡ್ತೀನಿ" ಎಂದರಂತೆ.

ಆಗ ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಲು ಉರಿಸಿ ಅದರ ಗ್ಯಾಸಿನಲ್ಲಿ ಓಡುತ್ತಿದ್ದವು. ಬಸ್ಸಿನ ಬೆನ್ನಿಗೆ ಒಂದು ಒಲೆ ಕಟ್ಟಿದ್ದರು. ಏರು ಬಂದರೆ ಜನ ಇಳಿದು ತಳ್ಳಬೇಕು. ಹೊಳೆನರಸೀಪುರದ ಬೀಗರು ನಮ್ಮ ಮನೆಗೆ ಬಂದು ಇಳಿದಾಗ ಹೆಣ್ಣು ನೋಡಲು ಬಂದವರಂತೆ ಕಾಣದೆ ಕುಲುಮೆಯಿಂದ ಎದ್ದು ಬಂದವರಂತಿದ್ದರು. ಎಲ್ಲರೂ ಮುಖ ತೊಳೆದರು. ಹುಡುಗನ ಕಿವಿಯ ಹಿಂದೆ ಮಾತ್ರ ಒಂದು ಮಸಿಯ ಗೀಟು ಉಳಿದಿತ್ತು. ಬಾಗಿಲ ಸಂದಿಯಿಂದ ನಾನು ಮೊದಲು ಕಂಡದ್ದು ಅದನ್ನೇ. ಸೆರಗಿನ ತುದಿಯಿಂದ ಒರೆಸಿಬಿಡೋಣ ಅನ್ನಿಸಿತು. ಅಷ್ಟಕ್ಕೇ ಅವನು ನನಗೆ ಹಿಡಿಸಿಬಿಟ್ಟ. ಆ ವಯಸ್ಸೇ ಹಾಗೆ, ನಗಬೇಡಿ.

ಹೆಣ್ಣು ನೋಡುವ ಶಾಸ್ತ್ರಕ್ಕೆ ನಮ್ಮ ಕಡೆ ಒಂದು ಪದ್ಧತಿ. ಮೊದಲು ಉಪ್ಪಿಟ್ಟು, ಕೇಸರಿಬಾತು ಕೊಡಬೇಕು. ಹೆಣ್ಣು ಬಂದು ಶರಣು ಮಾಡಿ ಕೂರಬೇಕು. ಒಂದು ವಚನ ಹೇಳಬೇಕು. ಒಪ್ಪಿಗೆಯಾದರೆ ಅವರು ತಟ್ಟೆಯ ಕೇಸರಿಬಾತು ಮುಗಿಸಿ ಮಧ್ಯಾಹ್ನದ ಊಟಕ್ಕೂ ಉಳಿಯುತ್ತಾರೆ. ಸಿಹಿ ಮುಟ್ಟದೆ ಎದ್ದರೆ ಬಾಯಿಬಿಟ್ಟು ಹೇಳುವ ಅಗತ್ಯವಿಲ್ಲ. ಅಜ್ಜಿ ನನಗೆ ವಚನ ಗಟ್ಟಿ ಮಾಡಿಸಿದ್ದಳು, ಹೋಳಿಗೆಯ ಹೂರಣ ಯಾವ ಹದಕ್ಕೆ ಬರಬೇಕೆಂದು ಬಾಯಿಪಾಠ ಮಾಡಿಸಿದ್ದಳು. ಅಮೆರಿಕದ ವಿಷಯ ಅವಳ ಸಿಲಬಸ್ಸಿನಲ್ಲಿರಲಿಲ್ಲ.

ನಾನು ಕೂತೆ. ನಂಜಪ್ಪನವರು ಗಂಟಲು ಸರಿಮಾಡಿಕೊಂಡರು.

"ಏನಮ್ಮ, ನಿನ್ನ ಫೋಟೋದಲ್ಲಿ ಹಿಂದುಗಡೆ ಇರೋದು ಯಾವ ಸಿಟಿ?"

"ನ್ಯೂಯಾರ್ಕು."

"ಭೇಷ್! ಡೆಟ್ರಾಯಿಟ್ ಯಾತಕ್ಕೆ ಹೆಸರುವಾಸಿ?"

"ಮೋಟಾರು ಗಾಡಿಗೆ."

ಅವರು ಕೂತವರೆಲ್ಲರ ಕಡೆ ಒಮ್ಮೆ ತಿರುಗಿ ನೋಡಿದರು, ಡೆಟ್ರಾಯಿಟನ್ನು ತಾವೇ ಕಟ್ಟಿಸಿದಂತೆ. ಅಪ್ಪನ ಮುಖ ಅರಳಿತು. ಅಜ್ಜಿಯೂ ಬಾಗಿಲಲ್ಲಿ ಸೆರಗು ಸರಿಮಾಡಿಕೊಂಡು ನಿಂತಳು. ಹುಡುಗ ತಲೆಯೆತ್ತಿ ನನ್ನನ್ನು ನೋಡಿದ. ನಂಜಪ್ಪನವರು ಕೇಸರಿಬಾತಿನ ತಟ್ಟೆಯನ್ನು ಕೈಗೆತ್ತಿಕೊಂಡು, ಕಡೆಯ ಪ್ರಶ್ನೆಯನ್ನು ಮಂಗಳಾರತಿ ಎತ್ತುವಷ್ಟು ಗಂಭೀರವಾಗಿ ಎತ್ತಿದರು.

"ಚಿಕಾಗೋ?"

ನಾನು ಯೋಚಿಸಲಿಲ್ಲ. ಮಗ್ಗಿ ಹೇಳುವವರು ಯೋಚಿಸುತ್ತಾರೆಯೇ? ಸ್ಕೂಲಿನಲ್ಲಿ ಕೂಗುತ್ತಿದ್ದ ಅದೇ ರಾಗದಲ್ಲಿ, ಅದೇ ದನಿಯಲ್ಲಿ, "ಹಂದಿಮಾಂಸ!" ಎಂದೆ.

ನಂಜಪ್ಪನವರ ಕೈಯ ಚಮಚ ಬಾಯಿಯ ಹತ್ತಿರ ನಿಂತೇ ಇತ್ತು. ಬಂದ ಹೆಂಗಸರಲ್ಲಿ ಒಬ್ಬರು "ಶಿವ ಶಿವಾ" ಎಂದು ಕೊರಳ ಲಿಂಗವನ್ನು ಮುಚ್ಚಿಕೊಂಡರು. ಕೇಸರಿಬಾತಿನಲ್ಲಿ ಆ ಪ್ರಾಣಿ ಇದೆಯೆಂದೇ ನಾನು ಹೇಳಿದ್ದರೂ ಇಷ್ಟು ಗಾಬರಿಯಾಗುತ್ತಿರಲಿಲ್ಲವೇನೋ.

"ಏನಂದೆ?" ಎಂದರು ನಂಜಪ್ಪನವರು. "ಚಿಕಾಗೋ ಅಂದ್ರೆ ಏನು ಅಂತ ತಿಳ್ಕೊಂಡಿದ್ದೀಯಮ್ಮ? ನಮ್ಮ ದೇಶದ ಸನ್ಯಾಸಿಗಳು ಸಮುದ್ರ ದಾಟಿ ಹೋಗಿ ಧರ್ಮೋಪದೇಶ ಮಾಡಿದ ಊರು ಅದು! ಅಮೆರಿಕಾದ ಕಾಶಿ! ಅಲ್ಲಿ ಒಂದು ನೊಣ ಕೂಡ ಕೊಲ್ಲೋದಿಲ್ಲ!"

ಅಷ್ಟಕ್ಕೆ ತಲೆ ತಗ್ಗಿಸಿ ಸುಮ್ಮನಿದ್ದರೆ ಗೆಲ್ಲುತ್ತಿದ್ದೆ. ಆದರೆ ನನ್ನ ಬಾಯಿ ನನ್ನ ಮಾತು ಯಾವತ್ತು ಕೇಳಿದೆ? "ಸನ್ಯಾಸಿಗಳು ಹೋಗಿರಬಹುದು. ಆದ್ರೆ ಅಲ್ಲಿ ತಯಾರಾಗೋದು ಅದೇ" ಎಂದೆ. "ಡಬ್ಬಿಗೆ ತುಂಬಿ ಕಳಿಸ್ತಾರಂತೆ" ಎಂದು ಬೇರೆ ಸೇರಿಸಿದೆ.

ಹುಡುಗನ ಭುಜ ಅಲುಗಿತು. ಅವನು ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದ. ಒಂದೇ ಕ್ಷಣ ನಮ್ಮಿಬ್ಬರ ಕಣ್ಣು ಸೇರಿದವು. ನನಗೂ ನಗು ಬಂತು. ಅಷ್ಟರಲ್ಲಿ ಅವನ ಚಿಕ್ಕಪ್ಪ ತಟ್ಟೆಯನ್ನು ನೆಲಕ್ಕಿಟ್ಟು ಎದ್ದು ನಿಂತರು. ಚಿಕ್ಕಪ್ಪ ಎದ್ದದ್ದಕ್ಕೆ ಎಲ್ಲರೂ ಎದ್ದರು, ಎಲ್ಲರೂ ಎದ್ದದ್ದಕ್ಕೆ ಹುಡುಗನೂ ಎದ್ದ. ನಗುವ ಧೈರ್ಯ ಇದ್ದವನಿಗೆ ಕೂತಿರುವ ಧೈರ್ಯ ಇರಲಿಲ್ಲ. ಆ ಹೊಟ್ಟೆಯುರಿ ನನಗೆ ಇವತ್ತಿಗೂ ಇದೆ, ಯಾಕೆ ಮುಚ್ಚಿಡಲಿ. ತಟ್ಟೆಗಳಲ್ಲಿ ಕೇಸರಿಬಾತು ಹಾಗೇ ಉಳಿಯಿತು. ಅವರು ಮಸಿ ಬಸ್ಸು ಹತ್ತಿ ಹೊರಟುಹೋದರು.

ಅಜ್ಜಿ ಹಣೆ ಚಚ್ಚಿಕೊಂಡಳು. "ಬಂದೋರ ಮುಂದೆ ಅದರ ಎಸ್ರು ಎತ್ಬುಟ್ಯಲ್ಲೇ, ಅದರ ಎಸ್ರು!" ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹೋದ ಮಾತು ಸುಮ್ಮನೆ ಹೋಗಲೂ ಇಲ್ಲ, ಸಂತೆಗೆ ಹೋಯಿತು. ಪೇಟೆಯಲ್ಲಿ, ನಾನು ಬೀಗರ ಮುಂದೆ ಹಂದಿ ಎಂದೆ ಎಂದಿತ್ತು ಸುದ್ದಿ. ಬಾಗೂರು ತಲುಪುವಷ್ಟರಲ್ಲಿ ಬೀಗರನ್ನೇ ಹಾಗೆ ಕರೆದೆ ಎಂದಾಯಿತು. ನುಗ್ಗೇಹಳ್ಳಿಯ ನಮ್ಮ ನೆಂಟರಿಗೆ ತಲುಪಿದಾಗ ನಾನು ಚಿಕಾಗೋಕ್ಕೆ ಹೋಗಿ ಜಾತಿ ಕೆಟ್ಟು ವಾಪಸು ಬಂದವಳಾಗಿದ್ದೆ. ಅವರು ಶುದ್ಧಿ ಮಾಡಿಸುವುದಕ್ಕೆ ಮಠದಲ್ಲಿ ವಿಚಾರಿಸೋಣವೇ ಎಂದು ಅಕ್ಕರೆಯಿಂದ ಹೇಳಿ ಕಳಿಸಿದರು. ಚಿಕಾಗೋ ಎಂಬ ಊರು ಒಂದೇ ವಾರದಲ್ಲಿ ಇಡೀ ತಾಲ್ಲೂಕಿಗೆ ಪರಿಚಯವಾಯಿತು. ಅಷ್ಟು ಕೆಲಸವನ್ನು ಸುಬ್ರಾಯ ಮೇಷ್ಟ್ರು ಜನ್ಮವಿಡೀ ಬೆತ್ತ ಹಿಡಿದು ಮಾಡಿರಲಿಲ್ಲ.

ಅಂತೂ ಉಳಿದದ್ದು ಅರಕಲಗೂಡು. ಅಜ್ಜಿ ಹೇಳಿ ಕಳಿಸಿದಳು, ಆಲೂಗಡ್ಡೆ ಸಾಹುಕಾರ ಬಂದ. ಅಪ್ಪ ಪ್ರಾಮಾಣಿಕ ಮನುಷ್ಯ. ಕೊಳೆತ ಕೊಬ್ಬರಿಯನ್ನು ಒಳ್ಳೆಯದರ ಜೊತೆ ಬೆರೆಸಿದವರಲ್ಲ. ಆತ ಕೂರುತ್ತಲೇ, "ನೋಡಿ ಸಾವ್ಕಾರ್ರೆ, ನಮ್ಮುಡುಗಿ ಇಂಗಿಂಗೆ ಅಂದ್ಬುಟ್ಳು ಅಂತ ಊರೆಲ್ಲ ಸುದ್ದಿ ಐತೆ. ಮುಚ್ಚಿಡಬಾರ್ದು ನೋಡಿ" ಎಂದರು.

"ಅಯ್ಯೋ ಅನ್ಲಿ ಬುಡಿ," ಎಂದ ಆತ, ಕೇಸರಿಬಾತನ್ನು ಎರಡೇ ತುತ್ತಿಗೆ ಮುಗಿಸಿ. "ಮಾತು ಯಾರಿಗ್ ಬೇಕು? ಕೊಟ್ಟಿಗೆ ಕೆಲಸ ಬತ್ತದೋ?"

ಈ ಸಲ ಗಂಡು ತಾನಾಗಿ ಓಡುವವನಲ್ಲ, ಓಡಿಸಬೇಕು. ಅಜ್ಜಿ "ಒಂದ್ ವಚನ ಯೋಳವ್ವ" ಎಂದಾಗ ನಾನು ಕಣ್ಣು ಮುಚ್ಚಿ, ಕೈ ಮುಗಿದು, ಶುರುಮಾಡಿದೆ. "ಪಿಟ್ಸ್‌ಬರ್ಗು ಉಕ್ಕು, ಡೆಟ್ರಾಯಿಟು ಮೋಟಾರು, ಮಿನಿಯಾಪೊಲಿಸ್ಸು ಗೋಧಿಹಿಟ್ಟು, ಚಿಕಾಗೋ ಹಂದಿಮಾಂಸ..." ಚಿಕಾಗೋವನ್ನು ಎರಡು ಸಲ ಹೇಳಿದೆ, ಗಟ್ಟಿಯಾಗಿ. ಅಜ್ಜಿ ಗೋಡೆ ಹಿಡಿದುಕೊಂಡಳು. ಬಾಗಿಲ ಹಿಂದೆ ಅವ್ವ ಬಿಕ್ಕಿದ್ದು ಕೇಳಿಸಿತು. ನಾನು ಕಡೆಯ ಊರಿನವರೆಗೂ ನಿಲ್ಲಿಸಲಿಲ್ಲ.

ಆಲೂಗಡ್ಡೆ ಸಾಹುಕಾರ ಎಲೆಅಡಿಕೆ ಮೆಲ್ಲುತ್ತ, ತಲೆದೂಗುತ್ತ ಕೂತಿದ್ದ. ಮುಗಿದ ಮೇಲೆ ಬಾಯಿ ಒರೆಸಿಕೊಂಡು, "ಚೆಂದಾಗೈತೆ ವಚನ. ಯಾವ ಶರಣರದು?" ಎಂದ. ಆಮೇಲೆ ಅಪ್ಪನ ಕಡೆ ತಿರುಗಿ, "ಲಗ್ನ ಯಾವಾಗ ಮಡಿಕಳಣ?" ಎಂದು ಕೇಳಿದ.

ನನ್ನ ಬತ್ತಳಿಕೆಯಲ್ಲಿ ಇದ್ದದ್ದೇ ಅದೊಂದು ಬಾಣ, ಅದು ಆಲೂಗಡ್ಡೆ ಮೂಟೆಗೆ ತಗುಲಿ ಬಿದ್ದಿತ್ತು. ಅಪ್ಪ ತುಂಬ ಹೊತ್ತು ಆತನ ಮುಖವನ್ನೇ ನೋಡಿದರು. ಆಮೇಲೆ ಮೆಲ್ಲಗೆ, "ಇಲ್ಲ ಸಾವ್ಕಾರ್ರೆ, ಈ ಸಂಬಂಧ ಬ್ಯಾಡ" ಎಂದರು. ಊಟ ಮಾಡಿ ಹೋಗಬೇಕೆಂದು ಕೈಮುಗಿದರು. ಆತ ಊಟ ಮಾಡಿಯೇ ಹೋದ. ಯಾಕೆ ಬೇಡ ಎಂದು ಕೇಳಲೂ ಇಲ್ಲ.

ಅವನು ಬೀದಿ ತಿರುಗುವುದೇ ತಡ, ಅಜ್ಜಿ ಮಗನ ಮೇಲೆ ಬಿದ್ದಳು. "ನಿಂಗೇನ್ ಬಂದದ್ಲಾ ರೋಗ! ಅವಳು ಅಷ್ಟು ಅಂದ್ರೂವೆ ಒಪ್ಕಂಡಿದ್ನಲ್ಲೋ ಪುಣ್ಯಾತ್ಮ!"

"ಅದಕ್ಕೇ ಬ್ಯಾಡ ಅಂದೆ ಕಣವ್ವ," ಎಂದರು ಅಪ್ಪ. "ಆ ನಂಜಪ್ಪ ಸಿಟ್ ಮಾಡ್ಕಂಡು ಎದ್ದೋದ. ಓದ್ರೂ, ಇವಳು ಏನಂದ್ಳು ಅಂತ ಕೇಳಿಸ್ಕಂಡು ಓದ. ಇವನು ಕೇಳಿಸ್ಕಳ್ಳೇ ಇಲ್ಲ. ಇವನ ಮನೇಲಿ ನನ್ ಮಗಳು ಜೀವ ಓಗ್ತದೆ ಅಂತ ಕೂಗುದ್ರೂ ಚೆಂದಾಗೈತೆ ಅಂತಾನೆ."

"ಇನ್ಯಾರ್ಲಾ ಕಟ್ಕತಾರೆ ಇವಳ್ನ?"

"ಕಟ್ಕಳ್ಳೋನು ಬತ್ತಾನೆ. ಬರೋಗಂಟ ಇಸ್ಕೂಲಿಗೆ ಓಗಿ ಓದ್ಲಿ. ಹಾಸನದಲ್ಲಿ ಅಕ್ಕನ ಮನೆ ಐತಲ್ಲ."

ಅಪ್ಪ ಅಷ್ಟು ಮಾತನ್ನು ಒಟ್ಟಿಗೆ ಆಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ನಾನು ಅತ್ತುಬಿಟ್ಟೆ. ಕಟ್ಟಿಕೊಳ್ಳುವವರು ಆಮೇಲೆ ಬಂದರು, ಒಳ್ಳೆಯವರೇ ಬಂದರು. ಆ ಕಥೆಯಲ್ಲಿ ಅಮೆರಿಕ ಬರುವುದಿಲ್ಲವಾದ್ದರಿಂದ ಇಲ್ಲಿ ಹೇಳುವುದಿಲ್ಲ.

ಅಂದು ಸಂಜೆ ಅಪ್ಪ ಜಗಲಿಯ ಮೇಲೆ ಕೂತಿದ್ದವರು ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. "ಅದೇನೋ ಊರುಗಳ್ನ ಯೋಳ್ತಿದ್ಯಲ್ಲ, ಇನ್ನೊಂದ್ ಕಿತ ಯೋಳು ಮಗಾ, ಸಮಾಧಾನವಾಗಿ" ಎಂದರು. ನಾನು ಹೇಳಿದೆ. ಕೊಬ್ಬರಿ ಕುಲುಕಿ ಕೇಳುವಾಗ ಮಾಡುವ ಹಾಗೆ ಅವರು ತಲೆಯನ್ನು ತುಸು ವಾರೆ ಮಾಡಿಕೊಂಡು, ಒಂದೊಂದು ಊರನ್ನೂ ಕೇಳಿಸಿಕೊಂಡರು. ಚಿಕಾಗೋ ಬಂದಾಗಲೂ ಕಣ್ಣು ಮುಚ್ಚಲಿಲ್ಲ. ನನ್ನ ಮಾತನ್ನು ಮೊದಲಿನಿಂದ ಕಡೆಯವರೆಗೆ ಯಾರಾದರೂ ಹಾಗೆ ಕೇಳಿದ್ದು ಅದೇ ಮೊದಲು. ಎಲ್ಲ ಮುಗಿದ ಮೇಲೆ ಕೇಳಿದರು:

"ಇಷ್ಟೂ ಊರ್ನಾಗೆ ನಮ್ಮ ಚನ್ನರಾಯಪಟ್ಟ್ಣ ಗೊತ್ತಿರೋರು ಯಾರಾರ ಅವ್ರೇನವ್ವ?"

"ಇಲ್ಲಪ್ಪ, ಯಾರಿಗೂ ಗೊತ್ತಿರಲ್ಲ."

"ನಮ್ಮೂರು ಯಾವ ದಿಕ್ನಾಗೈತೆ ಅಂತಾನಾರ ಕೇಳವ್ರಾ?"

"ಇಲ್ಲ."

ಅಪ್ಪ ಎದ್ದು ಪಂಚೆ ಕೊಡವಿಕೊಂಡರು. "ಅಂಗಾದ್ರೆ ಆ ಅಮೆರಿಕಾನೂ ಅರಕಲಗೂಡು ಸಂಬಂಧವೇ ಕಣವ್ವ. ಬುಟ್ಬುಡು," ಎಂದು ದೀಪ ಹಚ್ಚಲು ಒಳಗೆ ಹೋದರು.